ಮೇಲಕ್ಕೆ ಬೆಳೆಯುವ ಬೇರು: ಪವಾಡವೇ, ಎಡಿಟ್ ಮಾಡಿದ ಫೋಟೊವೇ?

ಕೆಸರಿನಿಂದ ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಮತ್ತೆ ಮಣ್ಣಿಗಿಳಿಯುವ ಬೇರುಗಳು. ಇಂಥ ಫೋಟೊ ಮೊಬೈಲಿಗೆ ಬಂದರೆ ಪವಾಡ ಅಥವಾ ಎಡಿಟಿಂಗ್ ಎನಿಸುವುದು ಸಹಜ. ಎರಡೂ ಅಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂಥ ಮರಗಳಿವೆ.

ಇವು ಜಾಯಿಕಾಯಿ ಕುಟುಂಬದವು. ಇವು ಬೆಳೆಯುವ ಜೌಗುಕಾಡಿಗೆ 'ಮಿರಿಸ್ಟಿಕಾ ಸ್ವಾಂಪ್' ಎಂದು ಹೆಸರು.

ಬೇರು ಹೊರಬರುವುದೇಕೆ?
ಬೇರಿಗೂ ಆಮ್ಲಜನಕ ಬೇಕು. ಸಾಮಾನ್ಯ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಜೌಗಿನಲ್ಲಿ ಆ ಜಾಗವನ್ನೆಲ್ಲ ನೀರು ತುಂಬಿರುತ್ತದೆ. ಹಾಗಾಗಿ ಬೇರು ಮೇಲೆದ್ದು, ತೊಗಟೆಯ ಸಣ್ಣ ರಂಧ್ರಗಳ ಮೂಲಕ ಗಾಳಿ ಪಡೆಯುತ್ತದೆ. ಕೆಲವು ಜಾತಿಯ ಮರಗಳಿಗೆ ಕಾಂಡದಿಂದ ಇಳಿದ ಊರುಗೋಲಿನಂಥ ಬೇರುಗಳೂ ಇರುತ್ತವೆ. ಸಡಿಲ ಕೆಸರಿನಲ್ಲಿ ಮರ ವಾಲದಂತೆ ಅವು ಹಿಡಿದುಕೊಳ್ಳುತ್ತವೆ.

ನಮಗೇನು?
ಜೌಗು ಮಳೆನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲೂ ಹಳ್ಳಕ್ಕೆ ನಿಧಾನವಾಗಿ ಬಿಡುತ್ತದೆ. ಆದರೆ ಇಂಥ ಹಲವು ಜೌಗುಗಳು ಹಿಂದೆಯೇ ಗದ್ದೆ, ಅಡಿಕೆ ತೋಟಗಳಾಗಿವೆ. ಉಳಿದಿರುವುದು ತುಣುಕುಗಳು ಮಾತ್ರ. ಅಪರೂಪದ ಮರ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಹೆಸರು ಪಡೆದದ್ದು ಇದೇ ಕಾಡಿನಿಂದ. ಸಿಂಗಳೀಕಗಳಿಗೂ ಇದು ನೆಲೆ.

ನೋಡಲು ಹೋದರೆ ಬೇರನ್ನು ತುಳಿಯಬೇಡಿ, ಕಡಿಯಬೇಡಿ. ಅದು ಮರದ ಉಸಿರಿನ ದಾರಿ. ಫೋಟೊ ಫಾರ್ವರ್ಡ್ ಮಾಡುವಾಗ 'ಪವಾಡ' ಎನ್ನದೆ ಕಾರಣವನ್ನೂ ಜೊತೆಗೆ ಕಳಿಸಿ.