ವಾಸ ಮತ್ತು ಸ್ಥಾನಮಾನ: ಇಂಗ್ಲೆಂಡಿನ ವಿದ್ಯಾರ್ಥಿ ಧನಸಹಾಯದ ಇತಿಹಾಸದಲ್ಲಿ ವಲಸಿಗರು

ಇಂಗ್ಲೆಂಡಿನಲ್ಲಿ ಪದವಿ ವ್ಯಾಸಂಗದ ಅನುದಾನವನ್ನು ಹಕ್ಕಾಗಿಸಿದ್ದು 1962ರ ಶಿಕ್ಷಣ ಕಾಯ್ದೆ. ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳು ತಮ್ಮ ವ್ಯಾಪ್ತಿಯಲ್ಲಿ ‘ಸಾಮಾನ್ಯವಾಗಿ ವಾಸಿಸುವ’ ವಿದ್ಯಾರ್ಥಿಗಳಿಗೆ ಅದನ್ನು ನೀಡಬೇಕಿತ್ತು. ಕಾಯ್ದೆಯ ಅಳತೆಗೋಲು ಪೌರತ್ವವಲ್ಲ, ವಾಸ. ಆದರೆ ವಾಸವೆಂದರೇನು? ಮುಂದಿನ ಐದು ದಶಕಗಳ ವಿವಾದಕ್ಕೆ ಈ ಪ್ರಶ್ನೆಯೇ ಮೂಲ.

ಬಾರ್ನೆಟ್ ಪ್ರಾಧಿಕಾರದ ವಿರುದ್ಧದ ಪ್ರಕರಣದಲ್ಲಿ, 1982ರ ಡಿಸೆಂಬರಿನಲ್ಲಿ, ಹೌಸ್ ಆಫ್ ಲಾರ್ಡ್ಸ್ ಇದಕ್ಕೆ ಉತ್ತರ ನೀಡಿತು. ಒಬ್ಬ ವ್ಯಕ್ತಿ ಸ್ವಇಚ್ಛೆಯಿಂದ, ನಿಶ್ಚಿತ ಉದ್ದೇಶದಿಂದ, ಕಾನೂನುಬದ್ಧವಾಗಿ ಒಂದೆಡೆ ನೆಲೆಸಿದ್ದರೆ ಅದೇ ಸಾಮಾನ್ಯ ವಾಸ. ಶಿಕ್ಷಣವೂ ಅಂತಹ ಉದ್ದೇಶವಾಗಬಲ್ಲದು ಎಂದು ಲಾರ್ಡ್ ಸ್ಕಾರ್ಮನ್ ವಿವರಿಸಿದರು. ತಾತ್ಕಾಲಿಕ ಅನುಮತಿಯ ಮೇಲೆ ಓದಲು ಬಂದವರಿಗೂ ಬಾಗಿಲು ತೆರೆಯಿತು. ಅದು ಬಹುಕಾಲ ತೆರೆದಿರಲಿಲ್ಲ. ಪ್ರಧಾನವಾಗಿ ಶಿಕ್ಷಣಕ್ಕಾಗಿಯೇ ಇದ್ದ ವಾಸವನ್ನು ಅರ್ಹತೆಯ ಲೆಕ್ಕದಿಂದ ಹೊರಗಿಡುವ ತಿದ್ದುಪಡಿ 1983ರಲ್ಲಿಯೇ ಬಂದಿತು.

ಮುಂದೆ ವಾಸದ ಜೊತೆಗೆ ವಲಸೆ ಸ್ಥಾನಮಾನವೂ ಷರತ್ತಾಯಿತು. 2011ರ ನಿಯಮಾವಳಿಯ ಪ್ರಕಾರ ಸಾಮಾನ್ಯ ಅರ್ಜಿದಾರರಿಗೆ ಮೂರು ವರ್ಷಗಳ ವಾಸವಷ್ಟೇ ಸಾಲದು. ದೇಶದಲ್ಲಿ ಕಾಲಮಿತಿಯಿಲ್ಲದೆ ಇರುವ ಹಕ್ಕೂ ಬೇಕು. ಅಷ್ಟರಲ್ಲಿ ಅನುದಾನದ ಕಾಲ ಮುಗಿದು ಸಾಲದ ಕಾಲ ಬಂದಿತ್ತು. 2012ರಿಂದ ವಾರ್ಷಿಕ ಶುಲ್ಕದ ಮಿತಿ 9,000 ಪೌಂಡಿಗೆ ಏರಿದ ಮೇಲೆ, ಬಡ ಮನೆಯ ಮಕ್ಕಳಿಗೆ ಸಾಲ ದೊರೆಯದಿದ್ದರೆ ಪದವಿಯೇ ದೊರೆಯದು.

ಜಾಂಬಿಯಾದಿಂದ 2001ರಲ್ಲಿ ಆರನೆಯ ವಯಸ್ಸಿಗೆ ಬಂದ ಹುಡುಗಿಯೊಬ್ಬಳ ಶಾಲಾಶಿಕ್ಷಣವೆಲ್ಲ ಇಂಗ್ಲೆಂಡಿನಲ್ಲೇ ನಡೆದಿತ್ತು. ವಿಶ್ವವಿದ್ಯಾಲಯದ ಪ್ರವೇಶವೂ ಕೈಯಲ್ಲಿತ್ತು. 2012ರಲ್ಲಿ ಆಕೆಗೆ ದೊರೆತದ್ದು ಸೀಮಿತ ಅವಧಿಯ ಅನುಮತಿ. ಶಾಶ್ವತ ಅನುಮತಿಗೆ 2018ರವರೆಗೆ ಕಾಯಬೇಕು. ಸಾಲದ ಅರ್ಜಿ ತಿರಸ್ಕೃತವಾಯಿತು. ಸ್ಥಾನಮಾನವೊಂದನ್ನೇ ನೋಡಿ ಎಲ್ಲರನ್ನೂ ಹೊರಗಿಡುವ ನಿಯಮವು ಶಿಕ್ಷಣದ ಹಕ್ಕಿನಲ್ಲಿ ಮಾಡಿದ ಅಸಮರ್ಥನೀಯ ತಾರತಮ್ಯವೆಂದು 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಪಿತ್ತಿತು. ಮೂರು ವರ್ಷಗಳ ಕಾನೂನುಬದ್ಧ ವಾಸದ ಷರತ್ತನ್ನು ಮಾತ್ರ ಅದು ಉಳಿಸಿತು.

2016ರಲ್ಲಿ ‘ದೀರ್ಘ ವಾಸ’ದ ವರ್ಗ ಸೇರಿತು. ಹದಿನೆಂಟು ತುಂಬದವರಿಗೆ ಏಳು ವರ್ಷ, ತುಂಬಿದವರಿಗೆ ಅರ್ಧ ಆಯುಷ್ಯ ಅಥವಾ ಇಪ್ಪತ್ತು ವರ್ಷಗಳ ವಾಸ. ಜೊತೆಗೆ ಆ ಮೂರು ವರ್ಷ. ಹೀಗೆ ಬದುಕಿದ ವರ್ಷಗಳು ಮತ್ತೆ ಲೆಕ್ಕಕ್ಕೆ ಬಂದವು.

ಗಡಿನಾಡಿನ ಕನ್ನಡ ವಿದ್ಯಾರ್ಥಿಯ ಪೌರತ್ವ ಪ್ರಶ್ನಾತೀತ. ಅವನ ಸ್ಥಿತಿ ಈ ವಲಸಿಗರದಲ್ಲ. ಆದರೂ ರಾಜ್ಯದ ಗಡಿ ದಾಟಿ ಸೀಟು ಕೇಳುವಾಗ ವಾಸದ ಪುರಾವೆ ಅವನಿಗೂ ತಪ್ಪದು. ವಾಸವನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅವನಿಗೂ ಅಪರಿಚಿತವಲ್ಲ.