ಲಾಲ್‌ಬಾಗಿನ ಗಾಜಿನ ಮನೆ: ಒಂದು ಕಟ್ಟಡದ ಚರಿತ್ರೆ



ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬೆಂಗಳೂರಿಗೆ ಶಾಲಾ ಪ್ರವಾಸ ಹೊರಟರೆ ನೋಡಬೇಕಾದ ಸ್ಥಳಗಳಲ್ಲಿ ಲಾಲ್‌ಬಾಗ್ ಇದ್ದೇ ಇರುತ್ತದೆ. ಅಲ್ಲಿಯ ಗಾಜಿನ ಮನೆಯನ್ನು ಕಂಡು ಬೆರಗಾಗದವರು ವಿರಳ. ಅದನ್ನು ಯಾರು, ಏಕೆ ಕಟ್ಟಿಸಿದರು ಎಂದು ಕೇಳುವವರು ಇನ್ನೂ ವಿರಳ.

ಲಾಲ್‌ಬಾಗಿಗೂ ನಿಮ್ಮ ಊರುಗಳಿಗೂ ಹಳೆಯ ನಂಟುಂಟು. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟವನ್ನು ಬೆಳೆಸಿದವನು ಅವನ ಮಗ ಟಿಪ್ಪು ಸುಲ್ತಾನ. ಅದೇ ಟಿಪ್ಪುವಿನ ಸೇನೆ 1785ರಲ್ಲಿ ನರಗುಂದದ ಕೋಟೆಯನ್ನು ವಶಪಡಿಸಿಕೊಂಡಿತು. 1787ರಲ್ಲಿ ಮರಾಠರೊಡನೆ ಅವನು ಮಾಡಿಕೊಂಡ ಒಪ್ಪಂದ ಚರಿತ್ರೆಯಲ್ಲಿ ಗಜೇಂದ್ರಗಡದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಟಿಪ್ಪುವಿನ ಪತನದ ನಂತರ ತೋಟ ಹಲವು ಕೈಗಳನ್ನು ದಾಟಿ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು.

ಗಾಜಿನ ಮನೆಯ ಕಲ್ಪನೆ ಚಳಿಯ ದೇಶದ್ದು. ಗಾಜು ಬಿಸಿಲನ್ನು ಒಳಗೆ ಬಿಟ್ಟು, ಕಾವು ಹೊರಹೋಗದಂತೆ ತಡೆಯುತ್ತದೆ. ಹೀಗಾಗಿ ಬಿಸಿಲ ನಾಡಿನ ಗಿಡಗಳು ಇಂಗ್ಲೆಂಡಿನಲ್ಲಿಯೂ ಬದುಕಬಲ್ಲವು. ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಇಂಥ ಮನೆಗಳ ಅನುಭವದಿಂದಲೇ 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಬೃಹತ್ ಗಾಜಿನ ಅರಮನೆಯನ್ನು ರೂಪಿಸಿದ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ತಂದು ಸ್ಥಳದಲ್ಲಿ ಜೋಡಿಸುವುದು ಅದರ ವಿಶೇಷ. ಪಂಜಾಬಿನಿಂದ ಒಯ್ದ ಕೊಹಿನೂರ್ ವಜ್ರವನ್ನೂ ಅಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಗಾಜಿನ ಸೂರಿನಡಿ ಮೆರೆದದ್ದು ಕೈಗಾರಿಕೆಯ ಜಾಣ್ಮೆ ಮಾತ್ರವಲ್ಲ, ಸಾಮ್ರಾಜ್ಯದ ಗಳಿಕೆಯೂ ಹೌದು.

ಏಳು ವರ್ಷಗಳ ನಂತರ, 1858ರಲ್ಲಿ, ಅದೇ ಸಾಮ್ರಾಜ್ಯದ ಇನ್ನೊಂದು ಮುಖವನ್ನು ನರಗುಂದ ಕಂಡಿತು. ದತ್ತು ಸ್ವೀಕಾರಕ್ಕೆ ಅನುಮತಿ ನಿರಾಕರಿಸಿದ್ದರಿಂದ ನೊಂದಿದ್ದ ಬಾಬಾಸಾಹೇಬ ಭಾವೆ ಬಂಡೆದ್ದು, ಸೆರೆಸಿಕ್ಕು, ಬೆಳಗಾವಿಯಲ್ಲಿ ಗಲ್ಲಿಗೇರಿದ. ಅವನ ಸಂಸ್ಥಾನವನ್ನು ಬ್ರಿಟಿಷರು ಮುಟ್ಟುಗೋಲು ಹಾಕಿಕೊಂಡರು.

ಬೆಂಗಳೂರಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಅಡಿಗಲ್ಲನ್ನಿಟ್ಟವನು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಆಗ ಮೈಸೂರಿನ ಅರಸರು ಹತ್ತನೆಯ ಚಾಮರಾಜ ಒಡೆಯರು. ತೋಟದ ಮೇಲ್ವಿಚಾರಕ ಜಾನ್ ಕ್ಯಾಮೆರಾನ್. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ ಹಡಗಿನಲ್ಲಿ ಬಂದವು.

ಆದರೆ ಒಂದು ಅಂಶವನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಗಿಡಗಳನ್ನು ಚಳಿಯಿಂದ ಕಾಪಾಡಬೇಕಾದ ಅಗತ್ಯವಿರಲಿಲ್ಲ. ಆದುದರಿಂದ ಈ ಗಾಜಿನ ಮನೆ ಸುತ್ತಲೂ ತೆರೆದುಕೊಂಡಿದೆ. ಗಾಳಿ ಸರಾಗವಾಗಿ ಆಡುತ್ತದೆ. ವಿಲಾಯಿತಿಯಲ್ಲಿ ಕಾವು ಹಿಡಿದಿಡುವ ಪೆಟ್ಟಿಗೆಯಾಗಿದ್ದದ್ದು ಇಲ್ಲಿ ಫಲಪುಷ್ಪ ಪ್ರದರ್ಶನದ ಮಂಟಪವಾಯಿತು. ನೆಲ ಬದಲಾದಂತೆ ಕಟ್ಟಡದ ಉದ್ದೇಶವೂ ಬದಲಾಯಿತು.

ಇನ್ನೊಂದು ಬದಲಾವಣೆ 1935ರಲ್ಲಿ ಆಯಿತು. ಎಚ್.ಸಿ. ಜವರಾಯರು ತೋಟದ ಮುಖ್ಯಸ್ಥರಾಗಿದ್ದಾಗ ಗಾಜಿನ ಮನೆಯ ಪೂರ್ವಭಾಗವನ್ನು ವಿಸ್ತರಿಸಲಾಯಿತು. ಈ ಬಾರಿ ಕಬ್ಬಿಣ ಗ್ಲಾಸ್ಗೋದಿಂದ ಬರಲಿಲ್ಲ, ನಮ್ಮದೇ ಭದ್ರಾವತಿಯಿಂದ ಬಂತು. ಮರುವರ್ಷ, 1936ರ ನವೆಂಬರ್ 30ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾಯಿತು. ಮೂಲ ಮಾದರಿ ಅಳಿಯಿತು, ಬೆಂಗಳೂರಿನದು ಉಳಿಯಿತು.

ಅಡಿಗಲ್ಲಿನ ದಿನ ನರಗುಂದ, ರೋಣಗಳು ಮುಂಬಯಿ ಪ್ರಾಂತದಲ್ಲಿದ್ದವು. ಲಾಲ್‌ಬಾಗ್ ಬೇರೆ ರಾಜ್ಯದ ತೋಟ. 1956ರ ಏಕೀಕರಣದಿಂದ ಅದು ನಿಮ್ಮ ರಾಜ್ಯದ್ದೇ ಆಯಿತು. ಪರಕೀಯರ ಕಾಲದ ಕಟ್ಟಡವೆಂದು ಅದನ್ನು ಹಳಿಯಬೇಕಾಗಿಲ್ಲ. ಚೆಲುವಿಗೆ ಮರುಳಾಗಿ ಆ ಕಾಲದ ಅನ್ಯಾಯವನ್ನು ಮರೆಯಬೇಕಾಗಿಯೂ ಇಲ್ಲ. ರಾಣಿಯ ಮೊಮ್ಮಗ ಅಡಿಗಲ್ಲಿಟ್ಟ ಆ ಮನೆಯಲ್ಲಿ ಇಂದು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಹೂವಿನ ಪ್ರದರ್ಶನ ನಡೆಯುತ್ತದೆ. ಮುಂದಿನ ಪ್ರವಾಸದಲ್ಲಿ ಅದರ ಕಂಬಗಳನ್ನು ನೋಡುವಾಗ ಗ್ಲಾಸ್ಗೋ, ಭದ್ರಾವತಿಗಳ ಜೊತೆಗೆ ನರಗುಂದದ ಗುಡ್ಡವನ್ನೂ ನೆನೆಯಿರಿ.