ಫೋರ್ಡ್ ತೆಗೆದ ಪಂಪು, ಜನ ಕೂರಿಸಿಕೊಂಡ ಪಂಪು

ಹೋದ ತಿಂಗಳು ನಮ್ಮ ಹಳೇ ಕಾರಿನ ವಾಟರ್ ಪಂಪ್ ಹೌಸಿಂಗ್ ಸೋರೋಕೆ ಶುರುವಾಯ್ತು. ಗ್ಯಾರೇಜಿಗೆ ಕೊಡೋ ದುಡ್ಡು ಕೈಯಲ್ಲಿರಲಿಲ್ಲ. ನಾನೂ ಅಪ್ಪನೂ ಮನೆ ಮುಂದೆಯೇ ಕೂತು ಬದಲಾಯಿಸಿದ್ವಿ. ಕೂಲೆಂಟ್ ಇಳಿಸಿ, ಬೆಲ್ಟ್ ಬಿಚ್ಚಿ, ಅಂಟಿಕೊಂಡಿದ್ದ ಗ್ಯಾಸ್ಕೆಟ್ ಕೆರೆಯೋಷ್ಟರಲ್ಲಿ ಮಧ್ಯಾಹ್ನ. 'ಈ ಪಂಪೇ ಇಲ್ಲದ ಕಾರು ಇರಬಾರದಿತ್ತಾ' ಅಂತ ಗೊಣಗಿದೆ. ಆಮೇಲೆ ಓದಿದರೆ, ಅಂಥ ಕಾರು ನಿಜಕ್ಕೂ ಇತ್ತು!

ಅದು 1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಟಿ. ಮೊದಲ ಸುಮಾರು 2,500 ಕಾರುಗಳಲ್ಲಿ ಪಂಪ್ ಇತ್ತು. ಆಮೇಲೆ ಕಂಪನಿ ಅದನ್ನು ತೆಗೆದೇ ಹಾಕಿತು. ಬಿಸಿ ನೀರು ಹಗುರ. ತಾನಾಗೇ ಮೇಲೇರಿ ರೇಡಿಯೇಟರ್‌ಗೆ ಹೋಗುತ್ತೆ, ತಣ್ಣಗಾಗಿ ಕೆಳಗಿಳಿದು ಎಂಜಿನ್‌ಗೆ ವಾಪಸ್ ಬರುತ್ತೆ. ಇದಕ್ಕೆ ಥರ್ಮೋಸೈಫನ್ ಅಂತಾರೆ. ಕಾಮರ್ಸ್ ಓದಿದ ನನಗೆ ಲೆಕ್ಕ ಸರಿಯಾಗೇ ಕಂಡಿತು: ಒಂದು ಭಾಗ ಕಮ್ಮಿ, ಸೋರೋ ಜಾಗವೂ ಕಮ್ಮಿ.

ಆದರೆ ನೀರಿನ ಮಟ್ಟ ಮೇಲಿನ ಹೋಸ್ ಬಾಯಿಗಿಂತ ಕೆಳಗಿಳಿದರೆ ಹರಿವೇ ನಿಂತು ನೀರು ಕುದೀತಿತ್ತು. ಹಾಗಾಗಿ ಬೇರೆ ಕಂಪನಿಗಳು ಈ ಕಾರಿಗೆಂದೇ ಪಂಪ್ ಮಾಡಿ ಮಾರಿದವು. ಎಷ್ಟೋ ಮಾಲೀಕರು ಕೊಂಡು ಕೂರಿಸಿಕೊಂಡರು. ಫೋರ್ಡ್ ಉಳಿಸಿದ ಖರ್ಚು ಅವರ ಜೇಬಿಗೆ ಬಿತ್ತು. 1927ರ ಕೊನೆಗೆ ಮಾಡೆಲ್ ಎ ಬಂದಾಗ ಎಂಜಿನ್ 20ರಿಂದ 40 ಅಶ್ವಶಕ್ತಿಗೆ ಏರಿತ್ತು. ಪಂಪೂ ಕಂಪನಿಯಿಂದಲೇ ಮರಳಿ ಬಂತು.

ಅಪ್ಪನಿಗೆ ಈ ಕಥೆ ಹೇಳಿದೆ. "ಅದಿರಲಿ, ನಮ್ಮದು ಸೋರ್ತಿದೆಯಾ ನೋಡು" ಅಂದ್ರು. ಟಾರ್ಚ್ ಹಿಡಿದು ನೋಡಿದೆ. ಹನಿ ಇರಲಿಲ್ಲ.